ಗೀರಿನ ಮೇಲಿಟ್ಟ ಕೈ

"ಗುರುಗಳೇ, ಇಡೀ ಸಭೆ ಒಪ್ಪಿದ ಮೇಲೂ ಮಾಡಬಾರದ ಕಾನೂನು ಎಂಬುದು ಇದೆಯೇ?"

ಕೇಳಿದವನು ಹೊಸದಾಗಿ ಆರಿಸಿಬಂದ ಶಾಸಕ, ಆ ಗುರುಗಳ ಹಳೆಯ ಶಿಷ್ಯ. ಸಂವಿಧಾನದ ಪುಸ್ತಕದ ಮೇಲೆ ಬಲಗೈ ಇಟ್ಟು ಪ್ರಮಾಣ ಮಾಡಿ ಅವನಿಗೆ ಇನ್ನೂ ತಿಂಗಳಾಗಿರಲಿಲ್ಲ. ಮರುದಿನ ಸಭೆಯ ಮುಂದೆ ಒಂದು ಮಸೂದೆ ಬರಲಿತ್ತು. ಕಳ್ಳತನದ ಅನುಮಾನ ಬಂದವನ ಮನೆಯನ್ನು ವಿಚಾರಣೆಗೆ ಮೊದಲೇ ಕಿತ್ತುಕೊಳ್ಳಬಹುದು ಎಂದು ಅದರಲ್ಲಿತ್ತು. ಜನ ಅದನ್ನೇ ಬಯಸಿದ್ದರು. ವಿರೋಧಿಸುವವರು ಒಬ್ಬರೂ ಇರಲಿಲ್ಲ. ಸಂವಿಧಾನ ಇದಕ್ಕೆ ಎಡೆ ಕೊಡುವುದಿಲ್ಲ ಎಂದು ಬಲ್ಲವರು ಹೇಳಿದ್ದರು, ಆದರೂ ಎಲ್ಲರೂ ಕೈ ಎತ್ತುವವರೇ.

ಗುರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಈ ಕತೆ ಹೇಳಿದರು.

ನೇಕಾರರ ಒಂದು ಊರಿತ್ತು. ಆ ಊರಿನ ಚಾವಡಿಯ ಗೋಡೆಯಲ್ಲಿ ಒಂದು ಉದ್ದನೆಯ ಕಲ್ಲು. ಕಲ್ಲಿನ ಮೇಲೆ ಎರಡು ಗೀರು. ಒಂದು ಗೀರಿನಿಂದ ಇನ್ನೊಂದಕ್ಕೆ ಒಂದು ಮಾರು, ಅಂದರೆ ನಾಲ್ಕು ಮೊಳ. ಅಂಥ ನಾಲ್ಕು ಮಾರು ಸೇರಿದರೆ ಒಂದು ಸೀರೆ. ಊರು ಕಟ್ಟಿದವರು ಆ ಗೀರುಗಳನ್ನು ಹೊಡೆಸಿ, ಒಂದು ಮಾತನ್ನೂ ಇಟ್ಟುಹೋಗಿದ್ದರು. ಬಣ್ಣ, ಅಂಚು, ಕೂಲಿ, ಸಂತೆಯ ದಿನ, ಇವನ್ನೆಲ್ಲ ಚಾವಡಿಯ ಒಂಬತ್ತು ಮಂದಿ ಕೂತು ಬದಲಾಯಿಸಬಹುದು. ಗೀರನ್ನು ಮಾತ್ರ ಬದಲಾಯಿಸುವ ಹಾಗಿಲ್ಲ. ಚಾವಡಿಗೆ ಹೊಸದಾಗಿ ಬಂದವನು ಬಲಗಡೆಯ ಗೀರಿನ ಮೇಲೆ ಅಂಗೈ ಇಟ್ಟು, "ಇದರೊಳಗೆ ನನ್ನ ಮಾತು" ಎಂದು ಹೇಳಬೇಕು. ಆಮೇಲೆಯೇ ಅವನಿಗೆ ಕೂರಲು ಜಾಗ. ಎಷ್ಟೋ ತಲೆಮಾರಿನ ಅಂಗೈ ತಾಗಿ ಕಲ್ಲು ಅಲ್ಲಿ ಬೋಗುಣಿಯ ಹಾಗೆ ತಗ್ಗಾಗಿತ್ತು.

ಒಂದು ವರ್ಷ ನೂಲು ಸಾಲದೆ ಹೋಯಿತು. ಎಂಟು ಮಗ್ಗಕ್ಕೆ ಒಂದರಂತೆ ಮಗ್ಗಗಳು ನಿಂತವು. ನಿಂತ ಮಗ್ಗಗಳಲ್ಲಿ ಚಾವಡಿಯ ಯಜಮಾನನ ತಂಗಿಯದೂ ಒಂದು. ಗಂಡ ತೀರಿಕೊಂಡ ಮೇಲೆ ಆ ಮಗ್ಗವೇ ಅವಳಿಗೆ ಅನ್ನ ಕೊಡುತ್ತಿತ್ತು. ಯಜಮಾನ ದಿನಾ ಆ ಮನೆಯ ಮುಂದೆ ಹಾದು ಚಾವಡಿಗೆ ಹೋಗುತ್ತಿದ್ದ. ಮಗ್ಗದ ಸದ್ದು ಕೇಳದ ಆ ಬಾಗಿಲು ಅವನನ್ನು ಚಾವಡಿಯವರೆಗೂ ಹಿಂಬಾಲಿಸುತ್ತಿತ್ತು.

ಅವನು ಬುದ್ಧಿವಂತ. ಚಾವಡಿಯಲ್ಲಿ ಒಂದು ದಾರಿ ಮುಂದಿಟ್ಟ. ಸೀರೆ ನಾಲ್ಕು ಮಾರಿನದೇ ಇರಲಿ, ಮಾರನ್ನು ಒಂದು ಗೇಣು, ಅಂದರೆ ಅರ್ಧ ಮೊಳ, ಚಿಕ್ಕದು ಮಾಡೋಣ. ಬಲಗಡೆಯ ಗೀರನ್ನು ಒಂದು ಗೇಣು ಒಳಗೆ ಹೊಡೆಸಿದರೆ ಆಯಿತು. ಏಳು ಸೀರೆಯ ನೂಲಿಗೆ ಎಂಟು ಸೀರೆ ಬರುತ್ತದೆ. ನಿಂತ ಮಗ್ಗವೆಲ್ಲ ಓಡುತ್ತದೆ. ಊರಿನಲ್ಲಿ ಯಾರಿಗೂ ನಷ್ಟವಿಲ್ಲ.

ಒಂಬತ್ತು ಮಂದಿಯೂ ಒಪ್ಪಿದರು. ಒಬ್ಬ ಮುದುಕ ಮಾತ್ರ, ಹಿರಿಯರು ಬೇಡವೆಂದಿದ್ದರಲ್ಲ ಎಂದು ಗೊಣಗಿದ. ಹಿರಿಯರ ಕಾಲದಲ್ಲಿ ನೂಲಿಗೆ ಬರವಿರಲಿಲ್ಲ, ಅವರಿದ್ದಿದ್ದರೆ ಅವರೂ ಹೀಗೇ ಮಾಡುತ್ತಿದ್ದರು ಎಂದು ಉಳಿದವರು ಸಮಾಧಾನ ಹೇಳಿದರು. ಮುದುಕನೂ ತಲೆಯಾಡಿಸಿದ. ಅವನ ಮಗನ ಮಗ್ಗವೂ ನಿಂತಿತ್ತು.

ಮರುದಿನ ಬೆಳಿಗ್ಗೆ ಕಲ್ಲುಕುಟಿಗ ಬಂದ. ಉಳಿ ಸುತ್ತಿಗೆ ಕೆಳಗಿಟ್ಟು ಒಂದು ದಾರ ತೆಗೆದ. ಚಾವಡಿಯ ತುಂಬ ಜನ.

"ಯಜಮಾನರೇ, ಹಳೇ ಗೀರಿನ ಮೇಲೆ ಈ ದಾರದ ತುದಿ ಒತ್ತಿ ಹಿಡೀರಿ. ಅಲ್ಲಿಂದ ಒಂದು ಗೇಣು ಒಳಕ್ಕೆ ನಾನು ಗುರುತು ಹಾಕ್ತೀನಿ. ಎಲ್ಲಿ ಕುಟ್ಟಬೇಕು ಅಂತ ನಿಮ್ಮ ಕೈಯೇ ತೋರಿಸಲಿ. ನಾಳೆ ಕುಟಿಗ ತಪ್ಪಿದ ಅನ್ನೋ ಮಾತು ನನಗೆ ಬೇಡ."

ಜನ ನಕ್ಕರು. ಯಜಮಾನನೂ ನಕ್ಕ. ನಗುತ್ತಲೇ ದಾರ ಹಿಡಿದು ಬಲಗಡೆಯ ಗೀರಿನ ಮೇಲೆ ಅಂಗೈ ಒತ್ತಿದ.

ಅಂಗೈ ಆ ತಗ್ಗಿನೊಳಗೆ ತಾನಾಗಿ ಕೂತಿತು. ಹನ್ನೊಂದು ವರ್ಷದ ಹಿಂದೆ, ಹೊಸ ಪಂಚೆ ಉಟ್ಟು, ಅವನು ಇದೇ ಕೈಯನ್ನು ಇಲ್ಲೇ ಇಟ್ಟಿದ್ದ. ಆಗ ಆಡಿದ ಮಾತು ನೆನಪಾಯಿತು. ಈಗ ಕೈ ಇದ್ದದ್ದು ಅದೇ ಜಾಗದಲ್ಲಿ, ಆದರೆ ಕೆಲಸ ಬೇರೆ. ಯಾರಿಗೂ ನಷ್ಟವಿಲ್ಲ ಎಂದು ತಾನು ಹೇಳಿದ್ದೂ ನೆನಪಾಯಿತು. ಸೀರೆ ಎರಡು ಮೊಳ ಕಡಿಮೆಯಾದರೆ ಅದನ್ನು ಕೊಂಡು ಕಚ್ಚೆ ಹಾಕಿ ಉಟ್ಟವಳಿಗೆ ತಲೆಯ ಮೇಲೆ ಸೆರಗು ಬಾರದು. ಅವಳು ಈ ಚಾವಡಿಯಲ್ಲಿಲ್ಲ. ಅವಳನ್ನು ಯಾರೂ ಕೇಳಿಲ್ಲ. ಅವಳ ಪರವಾಗಿ ಇಲ್ಲಿ ಇದ್ದದ್ದು ಈ ಗೀರು ಒಂದೇ.

ಯಜಮಾನ ಕೈ ತೆಗೆದ. ದಾರ ಸುತ್ತಿ ಕುಟಿಗನಿಗೆ ಕೊಟ್ಟ. ಬಂದ ಕೆಲಸ ಮುಗಿಯಿತು, ಹೋಗಿ ಬಾ ಎಂದ.

ಜನರ ನಗು ನಿಂತಿತು. ಗುಂಪಿನ ಹಿಂದಿನಿಂದ ತಂಗಿ ಮುಂದೆ ಬಂದಳು.

"ಅಣ್ಣಾ, ಊರಿಗೆಲ್ಲ ನ್ಯಾಯ ಹೇಳ್ತೀಯ. ತಂಗಿ ಒಲೆ ಹತ್ತಲಿ ಅಂತ ಒಂದು ಗೇಣು ಜರುಗಿಸೋಕೆ ಆಗಲಿಲ್ಲವಾ ನಿನಗೆ?"

"ನನ್ನದಾಗಿದ್ದರೆ ಒಂದು ಮಾರೇ ಕೊಡ್ತಿದ್ದೆ ತಂಗೀ. ಇದು ನನ್ನದಲ್ಲ."

ಅವಳು ಅವನ ಮುಖ ನೋಡದೆ ಹೊರಟುಹೋದಳು. ಯಜಮಾನ ಒಂಬತ್ತು ಮಂದಿಯನ್ನು ಮತ್ತೆ ಕೂರಿಸಿದ. ಹಿಂದಿನ ದಿನ ಒಪ್ಪಿದವರೇ ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು, ಮೊದಲು ಅವನು, ಆಮೇಲೆ ಮುದುಕ, ಆಮೇಲೆ ಉಳಿದವರು. ಊಟದ ಹೊತ್ತಿಗೆ ಹೊಸ ಕಟ್ಟಳೆ ಆಯಿತು. ಎಂಟು ವಾರಕ್ಕೆ ಒಂದು ವಾರ, ಸರದಿಯ ಮೇಲೆ, ಪ್ರತಿ ಮಗ್ಗವೂ ನಿಲ್ಲಬೇಕು. ಆ ವಾರದ ಅದರ ನೂಲು, ನೂಲಿಲ್ಲದೆ ನಿಂತಿದ್ದ ಮಗ್ಗದ ಮನೆಗೆ ಹೋಗಬೇಕು. ಈ ಉಪಾಯ ಮೊದಲೇ ಹೊಳೆಯದೆ ಇದ್ದದ್ದೇನಲ್ಲ. ಆದರೆ ಇದರಲ್ಲಿ ಕೂತವರೆಲ್ಲರೂ ತಮ್ಮದನ್ನು ಬಿಟ್ಟುಕೊಡಬೇಕಿತ್ತು. ಗೇಣಿನ ಉಪಾಯದಲ್ಲಿ ಬಿಟ್ಟುಕೊಡುವವಳು ಊರಿನ ಹೊರಗಿದ್ದಳು.

ಮೊದಲ ವಾರದ ಸರದಿಯನ್ನು ಯಜಮಾನ ತಾನೇ ತೆಗೆದುಕೊಂಡ. ಅವನ ಮನೆಯ ನೂಲು ತಂಗಿಯ ಮನೆಗೆ ಹೋಯಿತು. ಅವಳು ನೂಲು ತೆಗೆದುಕೊಂಡು ಬಾಗಿಲು ಹಾಕಿಕೊಂಡಳು.

ಆ ವರ್ಷ ಸುತ್ತಲಿನ ಎಲ್ಲ ಊರುಗಳಲ್ಲೂ ಸೀರೆಯ ಅಳತೆ ಕುಗ್ಗಿತು. ಹೊಳೆಯಾಚೆಯ ಸಂತೆಯಲ್ಲಿ ಹೆಂಗಸರು ಸೀರೆಯ ಮಡಿಕೆ ಬಿಚ್ಚಿ, ಮೊಳ ಹಾಕಿ, ಬೈದು, ಮತ್ತೆ ಮೊಳ ಹಾಕಿ ಕೊಳ್ಳುತ್ತಿದ್ದರು. ಯಜಮಾನ ಮತ್ತು ತಂಗಿ ತಮ್ಮೂರಿನ ಗಂಟು ಬಿಚ್ಚಿ ಕೂತರು. ಗದ್ದೆ ಕೆಲಸದ ಒಬ್ಬ ಹೆಂಗಸು ಬಂದು ಬಣ್ಣ ನೋಡಿ, ಒಂದು ಸೀರೆಯನ್ನು ಮಡಿಕೆ ಬಿಚ್ಚದೆ ಕಂಕುಳಲ್ಲಿ ಇಟ್ಟುಕೊಂಡಳು. ಅಳೆದು ನೋಡಮ್ಮ ಎಂದಳು ತಂಗಿ.

"ಗೀರಿನ ಊರಿನದ್ದಲ್ಲವಾ ಇದು? ಇದನ್ನೇನು ಅಳೆಯೋದು" ಎಂದು ಅವಳು ನಡೆದೇಬಿಟ್ಟಳು.

ತಂಗಿ ಅಣ್ಣನ ಕಡೆ ತಿರುಗಲಿಲ್ಲ. ಮುಂದಿನ ಸೀರೆಯನ್ನು ಎತ್ತಿ ತೋರಿಸುವಾಗ ಮಾತ್ರ ಅವಳ ಕತ್ತು ನೆಟ್ಟಗಾಗಿತ್ತು. ಯಾವ ಊರಿನದ್ದು ಎಂದು ಯಾರಾದರೂ ಕೇಳುವ ಮೊದಲೇ ಅವಳು ಊರಿನ ಹೆಸರು ಹೇಳುತ್ತಿದ್ದಳು. ಯಜಮಾನ ಕೇಳಿಸಿಕೊಂಡು ಕೂತಿದ್ದ. ಜೀವಮಾನದಲ್ಲಿ ಅವನು ಎಷ್ಟೋ ಕಟ್ಟಳೆ ಮಾಡಿದ್ದ. ಮಾಡದೆ ಬಿಟ್ಟ ಒಂದು ಕಟ್ಟಳೆಗಾಗಿ ಅವನ ಎದೆ ಅಂದು ತುಂಬಿಬಂದಿತ್ತು.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ, ಯಜಮಾನ ಅಂದು ಕೈ ತೆಗೆಯದೆ ಹೋಗಿದ್ದರೆ ಅವನನ್ನು ತಡೆಯುವವರು ಆ ಚಾವಡಿಯಲ್ಲಿ ಯಾರಿದ್ದರು ಎಂದು ಕೇಳಿದ.

ಗುರು ಅವನ ಬಲಗೈಯನ್ನೇ ನೋಡುತ್ತ ಹೇಳಿದರು: "ನಾಳೆ ಸಭೆಯಲ್ಲಿ ಈ ಕೈ ಎತ್ತುವ ಮೊದಲು, ಪ್ರಮಾಣದ ದಿನ ಅದನ್ನು ಯಾವುದರ ಮೇಲೆ ಇಟ್ಟಿದ್ದೆ ಎಂದು ಅದನ್ನೇ ಕೇಳು."