ಜವರಮ್ಮನ ಅಂಗೈಯಷ್ಟು ಬಾಡು

ಒಬ್ಬ ತಾಯಿ, ಅವಳಿಗೆ ಒಬ್ಬನೇ ಮಗ. ತಾಯಿ ಜವರಮ್ಮ, ಮಗ ದ್ಯಾವಣ್ಣ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹಾಗಂತ ಕೆಟ್ಟವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕಷ್ಟ ಇದ್ದದ್ದೇ ಅಲ್ಲಿ.

ಜವರಮ್ಮನಿಗೆ ಕಿಡ್ನಿ ಸೋತಿತ್ತು. ಕಾಲು ಊದುತ್ತಿತ್ತು, ಉಪ್ಪು ಆಗುತ್ತಿರಲಿಲ್ಲ, ಬಾಡು ತಿನ್ನುವ ಹಾಗಿರಲಿಲ್ಲ. ಬಾಡು ಅಂದರೆ ಮಾಂಸ. ಒಂದು ವರ್ಷ ಪಕ್ಕದ ಮನೆಯ ಒಗ್ಗರಣೆ ವಾಸನೆ ಹೀರಿಕೊಂಡೇ ಮುದ್ದೆ ನುಂಗಿದ್ದಳು. ಕೊನೆಗೆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಭಾನುವಾರ ಅಂಗೈಯಷ್ಟು ತಿನ್ನಬಹುದು ಅಂದರು. ಅಂಗೈ ಅಂದರೆ ಬೆರಳು ಸೇರುವುದಿಲ್ಲ, ನಡುವಿನದು ಮಾತ್ರ. ಒಲೆಯ ಮುಂದೆ ನಿಲ್ಲಲು ಅವಳಿಗೆ ಆಗದು, ಹಾಗಾಗಿ ಅಡುಗೆ ಮಗನದೇ.

ಮೊದಲ ಭಾನುವಾರ ದ್ಯಾವಣ್ಣ ತನ್ನ ಅಂಗೈಯಷ್ಟು ತಂದ. ಕಲ್ಲು ಒಡೆಯುವವನ ಅಂಗೈ, ಮೊರದಷ್ಟು. ಜವರಮ್ಮ ಹಣೆ ಚಚ್ಚಿಕೊಂಡಳು. ತಿನ್ನುವವಳು ನಾನು ಕಣೋ, ಇನ್ನು ಮೇಲೆ ಏನು ಹಾಕಿದರೂ ನನ್ನ ಅಂಗೈ ಅಳತೆಗೆ ಹಾಕು ಅಂದಳು. ಆಗಲಿ ಅವ್ವ ಅಂದ.

ಎರಡನೇ ಭಾನುವಾರ ಅವಳ ಅಂಗೈ ಬಿಡಿಸಿ ನೋಡಿಕೊಂಡು ಹೋದ. ಬಾಡು ಸರಿಯಾಗಿತ್ತು. ಉಪ್ಪೂ ಅದೇ ಅಳತೆಗೆ ಬಿದ್ದಿತ್ತು. ಮೊದಲ ತುತ್ತಿಗೇ ಜವರಮ್ಮ ಉಗಿದಳು. ಅಳತೆ ತಪ್ಪಿಲ್ಲವಲ್ಲ ಅವ್ವ ಅಂದ. ಉಪ್ಪೇ ಬೇಡ ಮಾರಾಯ, ಬೇಯಿಸಿದ್ದನ್ನೆಲ್ಲ ನೀರು ಬಸಿದು ಚೆಲ್ಲಿ, ಆಮೇಲೆ ನನಗೆ ಕೊಡು ಅಂತ ಬೈದಳು. ಆಗಲಿ ಅವ್ವ ಅಂದ.

ಮೂರನೇ ಭಾನುವಾರ ಬಾಡನ್ನು ಬಸಿದ, ಅದೇನೋ ಸರಿ, ರುಚಿಯೂ ನೀರಿನ ಜೊತೆ ಹೋಗಿತ್ತು ಅಷ್ಟೇ. ಆದರೆ ಮಾತ್ರೆ ನಾಲಿಗೆ ಮೇಲಿಟ್ಟುಕೊಂಡು ಅವಳು ಒಂದು ಲೋಟ ಕಾದ ನೀರು ಕೇಳಿದರೆ, ಖಾಲಿ ಲೋಟ ತಂದ.

"ಕಾಯಿಸಿದೆ ಅವ್ವ. ನೀರೆಲ್ಲ ಬಸಿದೆ. ಉಳಿದದ್ದು ಇಷ್ಟೇ."

ಜವರಮ್ಮ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಮಾತ್ರೆ ಕಹಿಯಾಗಿ ಕರಗಿಹೋಯಿತು. ಆಮೇಲೆ ಅವನ ತಲೆ ಸವರಿ, ಬಸಿಯುವುದೂ ಬೇಡ, ಏನೂ ಬೇಡ ಅಂದಳು. "ನನಗೆ ಬಡಿಸೋ ಮುಂಚೆ ನೀನು ಬಾಯಿಗೆ ಹಾಕ್ಕೊಂಡು ನೋಡು ಮಗ. ಉಪ್ಪಿದ್ರೆ ಕೊಡಬೇಡ, ಇಲ್ದಿದ್ರೆ ಕೊಡು."

ಆ ವಾರವೇ ಯುಗಾದಿ, ಮಾರನೆಯ ದಿನ ಭಾನುವಾರ ಹೊಸತೊಡಕು. ಹೊಸತೊಡಕಿನ ದಿನ ಬಾಡು ತಿನ್ನದಿದ್ದರೆ ಅವರ ಕಡೆ ವರ್ಷ ಶುರುವಾದ ಹಾಗೇ ಅಲ್ಲ. ಊರವರು ಸೇರಿ ಕುರಿ ಕೊಯ್ದು, ಎಲೆಗಳ ಮೇಲೆ ಗುಡ್ಡೆಗುಡ್ಡೆಯಾಗಿ ಪಾಲು ಹಾಕಿದರು. ದ್ಯಾವಣ್ಣ ತಾಯಿಯ ಅಂಗೈಯಷ್ಟು ಎತ್ತಿಕೊಂಡು, ಮಿಕ್ಕದ್ದನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟ. ಮನೆಯಲ್ಲಿ ಹೆಚ್ಚಿದ್ದರೆ ಅವ್ವನಿಗೆ ಆಸೆಯಾಗುತ್ತದೆ, ಕಾಲು ಊದುತ್ತದೆ ಅಂತ. ಹಾಗಾದರೆ ನಿನಗೇನೋ ಅಂತ ಪಾಲು ಹಾಕುತ್ತಿದ್ದವರು ನಕ್ಕರು. ನಮ್ಮವ್ವ ತಿಂದ್ರೆ ಸಾಕು ಅಂದ.

ಜವರಮ್ಮ ತಲೆ ಬಾಚಿಕೊಂಡು, ಬೆಳಗಿನಿಂದ ಕಾದು ಕೂತಿದ್ದಳು. ಒಂದು ವರ್ಷದ ಮೇಲೆ ನೆಟ್ಟಗೆ ಒಂದು ತುಂಡು ಬಾಯಿಗೆ ಹೋಗುವ ದಿನ.

ಒಳಗೆ ಐದು ತುಂಡು ಬೆಂದವು. ದ್ಯಾವಣ್ಣ ಒಂದನ್ನು ಬಾಯಿಗೆ ಹಾಕಿಕೊಂಡ. ಉಪ್ಪಿರಲಿಲ್ಲ. ಆದರೆ ಎರಡನೆಯದರಲ್ಲಿ ಇದ್ದರೆ? ಅವ್ವನ ಜೀವದ ವಿಷಯ. ಅದನ್ನೂ ನೋಡಿದ. ಮೂರನೆಯದನ್ನೂ ನೋಡಿದ. ಒಂದನ್ನೂ ನಂಬದೆ ಐದನ್ನೂ ನೋಡಿದ.

ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದಿಟ್ಟ.

"ಅವ್ವ, ಒಂದರಲ್ಲೂ ಉಪ್ಪಿರಲಿಲ್ಲ. ಧೈರ್ಯವಾಗಿ ತಿನ್ನು."

ಅಂದವನು, ಬಿಸಿ ಇದ್ದೀತು ಅಂತ ಆ ಬರಿ ತಟ್ಟೆಗೆ ಮೆಲ್ಲಗೆ ಬೀಸಣಿಗೆ ಬೀಸತೊಡಗಿದ.