ತಡವಾದ ಕಿಡಿ

“ಅಜ್ಜಾ, ಸರಿಯಾದದ್ದನ್ನೇ ಮಾಡಿದರೂ ತಪ್ಪಾಗುವುದುಂಟೇ?” ಎಂದು ಬಸಲಿಂಗ ಕೇಳಿದ.

ಸಂಗಯ್ಯಜ್ಜ ಮಠದ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮಠದ ಭಜನೆ ಮೇಳವನ್ನು ತಿದ್ದಿ ತೀಡಿದವನು ಅವರ ಶಿಷ್ಯನಾದ ಈ ಬಸಲಿಂಗನೇ. “ಏನಾಯಿತು, ಬಿಡಿಸಿ ಹೇಳು,” ಎಂದರು.

“ನನ್ನ ತಂಗಿಯ ಹಾಡು ನಿಮಗೆ ಗೊತ್ತಲ್ಲ. ತೀರಾ ತಗ್ಗಿನ ಶ್ರುತಿ. ಒಂದು ಸಾಲನ್ನು ಮೂರು ತುಂಡು ಮಾಡಿ ಹಾಡುತ್ತಿದ್ದಳು. ಕೇಳಲಾಗದೆ ನಾನೇ ಕೂರಿಸಿಕೊಂಡು ತಿದ್ದಿದೆ. ಶ್ರುತಿ ಏರಿಸಿದೆ. ಸಾಲು ಮುರಿಯದೆ ಹಾಡುವುದನ್ನು ಕಲಿಸಿದೆ. ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಹಾಡುವುದನ್ನೇ ಬಿಟ್ಟಳು. ಈಗ ಭಜನೆಗೂ ಬರುವುದಿಲ್ಲ, ನನ್ನೊಡನೆ ಮಾತೂ ಕಡಿಮೆ. ನಾನು ಕಲಿಸಿದ್ದರಲ್ಲಿ ತಪ್ಪೇನಿತ್ತು?”

ಅಜ್ಜ ಮೊರವನ್ನು ಪಕ್ಕಕ್ಕಿಟ್ಟರು. ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದನಪ್ಪ. ಹಳೆಯ ಮೋಟಾರ್ ಸೈಕಲ್ ರಿಪೇರಿಯಲ್ಲಿ ಅವನದು ಎತ್ತಿದ ಕೈ. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಕಿವಿಗೊಟ್ಟು, ಇದಕ್ಕೆ ಗಾಳಿ ಹೆಚ್ಚಾಗಿದೆ, ಇದಕ್ಕೆ ಪೆಟ್ರೋಲು ಹೆಚ್ಚಾಗಿದೆ ಎಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು. ಜಂಬವೂ ಒಂದಿಷ್ಟು ಇತ್ತೆನ್ನು. ಅಷ್ಟು ಬಲ್ಲವನಿಗೆ ಜಂಬ ಇರದೆ ಇನ್ನೇನು?

ಅವನಿಗೆ ಒಬ್ಬ ಅಣ್ಣ. ತಂದೆ ತೀರಿಕೊಂಡ ಮೇಲೆ ಇವನನ್ನು ಸಾಕಿ ಸಲಹಿದವನು. ಎಂದೋ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅಣ್ಣನ ಬಲ ಮೊಣಕಾಲು ಊನವಾಗಿತ್ತು, ಕುಂಟುತ್ತಿದ್ದ. ಅವನ ಬಳಿ ತಂದೆಯ ಕಾಲದ ಒಂದು ಮೋಟಾರ್ ಸೈಕಲ್ಲಿತ್ತು. ಸಂಜೆಯಾದರೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿಬರುತ್ತಿದ್ದ. ನಡೆಯುವಾಗ ಎಲ್ಲರೂ ಅವನಿಗಾಗಿ ನಿಲ್ಲಬೇಕಿತ್ತು. ಗಾಡಿ ಏರಿದರೆ ಯಾರೂ ನಿಲ್ಲಬೇಕಿರಲಿಲ್ಲ. ಆ ಒಂದು ಸುತ್ತಿಗಾಗಿ ಅವನು ಬೆಳಗಿನಿಂದ ಕಾಯುತ್ತಿದ್ದ.

ಆ ಗಾಡಿಯ ಅವಸ್ಥೆ ಮಾತ್ರ ತಮ್ಮನಿಂದ ನೋಡಲಾಗುತ್ತಿರಲಿಲ್ಲ. ಎಂಜಿನ್ನಿನೊಳಗೆ ಕಿಡಿ ಹಾರಬೇಕಾದ ಹೊತ್ತಿಗಿಂತ ತಡವಾಗಿ ಹಾರುತ್ತಿತ್ತು. ಕಿಡಿ ಹಾರುವ ಹೊತ್ತನ್ನು ಹಿಂದೆ ಮುಂದೆ ಮಾಡಲು ಹ್ಯಾಂಡಲ್ಲಿನಲ್ಲಿ ಒಂದು ಪುಟ್ಟ ಲಿವರ್ ಇತ್ತು. ಅಣ್ಣ ಅದನ್ನು ತಡದ ಕಡೆಗೆ ಎಳೆದು ತಂತಿ ಸುತ್ತಿಬಿಟ್ಟಿದ್ದ. ಕಾರ್ಬೊರೇಟರಿನಲ್ಲಿ ಪೆಟ್ರೋಲನ್ನೂ ಬೇಕಾದ್ದಕ್ಕಿಂತ ಹೆಚ್ಚು ಬಿಟ್ಟಿದ್ದ. ಗಾಡಿ ಕಪ್ಪು ಹೊಗೆ ಉಗುಳುತ್ತ, ದಿಬ್ಬ ಬಂದರೆ ಏದುಸಿರು ಬಿಡುತ್ತ ಹೋಗುತ್ತಿತ್ತು.

“ಅಣ್ಣಾ, ಗಾಡಿಯನ್ನು ನನ್ನ ಕೈಗೆ ಕೊಡು. ಊರವರ ಗಾಡಿಯೆಲ್ಲ ನೆಟ್ಟಗಿವೆ, ನಮ್ಮ ಮನೆಯದೇ ಹೀಗಂದರೆ ನನ್ನ ಮರ್ಯಾದೆ ಏನಾಗಬೇಕು?” ಎಂದು ತಮ್ಮ ಗೋಗರೆದ.

“ಇರಲಿ ಬಿಡೋ. ನನಗೆ ಹೀಗೇ ಒಗ್ಗಿದೆ,” ಎಂದ ಅಣ್ಣ.

ಒಗ್ಗಿದೆ ಅಂದರೇನು ಎಂದು ತಮ್ಮ ಕೇಳಲಿಲ್ಲ. ಗಾಡಿಯ ಗಂಧಗಾಳಿ ಇಲ್ಲದವರು ಹೀಗೇ ಅನ್ನುವುದು ಎಂದುಕೊಂಡ.

ಅಣ್ಣ, ಅತ್ತಿಗೆ ಯಾರದೋ ಮದುವೆಗೆಂದು ಪರವೂರಿಗೆ ಹೋದರು. ತಮ್ಮನ ಕೈ ಸುಮ್ಮನಿದ್ದೀತೇ? ಗಾಡಿಯನ್ನು ಗ್ಯಾರೇಜಿಗೆ ತಳ್ಳಿಕೊಂಡು ಬಂದು ಬಿಚ್ಚಿ ಹರವಿದ. ಪಿಸ್ಟನ್ ಬದಲಿಸಿ ಎಂಜಿನ್ನಿನ ಬಿಗಿ ಹೆಚ್ಚಿಸಿದ. ದೊಡ್ಡ ಕಾರ್ಬೊರೇಟರು ಕೂರಿಸಿದ. ಪೆಟ್ರೋಲು ಹಾಯುವ ಜೆಟ್ ಬದಲಿಸುವುದು, ಓಡಿಸುವುದು, ಪ್ಲಗ್ಗು ಬಿಚ್ಚಿ ಬಣ್ಣ ನೋಡುವುದು. ಪ್ಲಗ್ಗಿನ ತುದಿ, ಗಾಳಿ ಪೆಟ್ರೋಲು ಹದವಾದಾಗಿನ ಬಿಸ್ಕತ್ತಿನ ಬಣ್ಣಕ್ಕೆ ಬರುವ ತನಕ ಬಿಡಲಿಲ್ಲ. ಕಡೆಗೆ ಕಿಡಿ ಬೇಗ ಹಾರುವಂತೆ ಮಾಡಿ ಬಿಗಿದ. ಆ ಲಿವರನ್ನು ಕಿತ್ತೇ ಹಾಕಿದ. ಗಾಡಿ ಶುರು ಮಾಡುವ ಕಿಕ್ಕರ್ ಈಗ ಗಡುಸಾಗಿತ್ತು. ಅವನ ಕಾಲಿಗೆ ಅದು ಯಾವ ಲೆಕ್ಕ? ಎಗರಿ ಒಂದು ಒದೆ ಒದ್ದ. ಗಾಡಿ ಗುಡುಗಿತು. ದಿಬ್ಬವನ್ನು ಹೂವೆತ್ತಿದ ಹಾಗೆ ಏರಿತು. ಅಣ್ಣನ ಋಣ ಒಂದಿಷ್ಟು ತೀರಿತೆಂದು ಅವನ ಕಣ್ಣು ತುಂಬಿ ಬಂತು.

ಊರಿಂದ ಬಂದ ಅಣ್ಣ ಗಾಡಿಯನ್ನು ಒಂದು ಸುತ್ತು ಬಂದು ನೋಡಿದ. “ಇದು ನಮ್ಮದೇ ಏನೋ!” ಎಂದ. ತಮ್ಮನ ಮುಖ ಅಷ್ಟು ಅರಳಿತ್ತು. ಅದನ್ನು ಬಾಡಿಸಲು ಅಣ್ಣನಿಗೆ ಮನಸ್ಸು ಬರಲಿಲ್ಲ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಕೆರೆ ಏರಿಗೆ ಹೊರಡಲು ನಿಂತಿದ್ದಳು. ಅಣ್ಣ ಕಿಕ್ಕರಿನ ಮೇಲೆ ಕಾಲಿಟ್ಟು ಒತ್ತಿದ. ಆ ಕಾಲಿನ ಕಸುವು ಅರ್ಧಕ್ಕೇ ಮುಗಿಯಿತು. ಪಿಸ್ಟನ್ ಮೇಲೆ ಬರುವ ಮೊದಲೇ ಕಿಡಿ ಹಾರಿತು. ಕಿಕ್ಕರ್ ತಿರುಗಿ ಒದೆಯಿತು. ಊನವಾದ ಮೊಣಕಾಲೇ ಮುರಿಯಿತು.

ಆಸ್ಪತ್ರೆಯಲ್ಲಿ ಅಣ್ಣನ ಹಾಸಿಗೆಯ ಬಳಿ ತಲೆ ತಗ್ಗಿಸಿ ತಮ್ಮ ನಿಂತಿದ್ದ. ಅಣ್ಣನೇ ಮೆಲ್ಲಗೆ ಹೇಳಿದ: “ಕಿಡಿ ತಡವಾಗಿದ್ದರೆ ಕಿಕ್ಕರ್ ತಿರುಗಿ ಒದೆಯುವುದಿಲ್ಲ ಕಣೋ. ಪೆಟ್ರೋಲು ಹೆಚ್ಚಿದ್ದರೆ ಮೆತ್ತಗೆ ಒತ್ತಿದರೂ ಹತ್ತಿಕೊಳ್ಳುತ್ತದೆ. ಅದಕ್ಕೇ ಹಾಗಿಟ್ಟುಕೊಂಡಿದ್ದೆ.”

ಅಯ್ಯೋ, ಅದು ತಮ್ಮನಿಗೆ ಗೊತ್ತಿಲ್ಲದ ವಿದ್ಯೆಯೇ? ಊರಿಗೆಲ್ಲ ಹೇಳಿಕೊಟ್ಟವನೇ ಅವನು. “ಮೊದಲೇ ಒಂದು ಮಾತು ಹೇಳಬಾರದಿತ್ತೇ ಅಣ್ಣಾ?” ಎಂದು ಅತ್ತ.

“ನನ್ನ ಕಾಲು ನೀನು ದಿನಾ ನೋಡುತ್ತಿದ್ದೆಯಲ್ಲೋ,” ಎಂದ ಅಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂಳೆ ಕೂಡಿತು, ಮೊಣಕಾಲು ಮಡಚದಾಯಿತು. ಗಾಡಿ ಏರುವುದು ಅಲ್ಲಿಗೆ ಮುಗಿಯಿತು. ತಮ್ಮ ಎಲ್ಲವನ್ನೂ ಮೊದಲಿನಂತೆ ಮಾಡಿದ. ಹಳೆಯ ಪಿಸ್ಟನ್ನು, ಹಳೆಯ ಕಾರ್ಬೊರೇಟರು, ಆ ಲಿವರು, ಅದಕ್ಕೆ ಸುತ್ತಿದ ತಂತಿ. ಸಂಜೆ ಅಣ್ಣನ ಮನೆಯ ಮುಂದೆ ನಿಲ್ಲಿಸಿ ತಾನೇ ಶುರು ಮಾಡುತ್ತಿದ್ದ. ಗಾಡಿ ಕಪ್ಪು ಹೊಗೆ ಉಗುಳುತ್ತ ತಡವರಿಸುತ್ತ ಓಡುತ್ತಿತ್ತು. ಆ ಸದ್ದಿಗಾಗಿ ಅವನು ಈಗ ಏನನ್ನಾದರೂ ಕೊಡುತ್ತಿದ್ದ. ಅಣ್ಣ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಸ್ವಲ್ಪ ಹೊತ್ತು ಕೇಳುತ್ತಿದ್ದ. ಆಮೇಲೆ, “ಸಾಕು, ಆರಿಸಿಬಿಡೋ,” ಅನ್ನುತ್ತಿದ್ದ. ಅತ್ತಿಗೆ ಒಳಗೆ ಹೋಗುತ್ತಿದ್ದಳು.

ಕತೆ ಮುಗಿಯುವ ಮೊದಲೇ ಬಸಲಿಂಗ ಚಡಪಡಿಸುತ್ತಿದ್ದ. “ಎಂಥ ಮನುಷ್ಯ ಅಜ್ಜಾ ಅವನು! ಎಂಜಿನ್ನಿನ ಒಳಗಿನ ಕಿಡಿ ಕಂಡಿತು, ಕಣ್ಣೆದುರಿಗೇ ಕುಂಟುತ್ತಿದ್ದ ಒಡಹುಟ್ಟಿದವನ ಕಾಲು ಕಾಣಲಿಲ್ಲವೇ?” ಎಂದ.

ಅಜ್ಜ ಮೊರವನ್ನು ಮತ್ತೆ ಹತ್ತಿರಕ್ಕೆಳೆದುಕೊಂಡರು.

“ನಿನ್ನ ತಂಗಿಗೆ ಚಿಕ್ಕಂದಿನಿಂದಲೂ ಉಬ್ಬಸ ಅಲ್ಲವೇನಪ್ಪ?”