ಕೂಗುವ ಯಂತ್ರ ಹಿಡಿದ ಪಾಲಯ್ಯ

ಕತೆ ಕೇಳುವವರು ಕಾಲು ಚಾಚಿ ಕೂರಿ. ಕೇಳಿದ್ದನ್ನೆಲ್ಲ ನಂಬುವವರು ಮಾತ್ರ ಸ್ವಲ್ಪ ಎಚ್ಚರದಿಂದ ಕೂರಿ.

ಹುಲಿಬಂಡೆ ಎಂಬ ಊರಿನಲ್ಲಿ ಒಂದು ಹಾಳು ಕೋಟೆ. ಕೋಟೆಯ ಬಾಗಿಲ ಪಕ್ಕ ಒಂದು ಕಲ್ಲಿನ ಕೋಣೆ. ಕೋಣೆಯಲ್ಲಿ ಸಣ್ಣತಿಮ್ಮಕ್ಕ ಎಂಬ ತಾಯಿ, ಪಾಲಯ್ಯ ಎಂಬ ಮಗ. ಮಗನಿಗೆ ಮೈತುಂಬ ಬಲ, ಬಾಯ್ತುಂಬ 'ಆಗ್ಲಿ'. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದ್ದನ್ನೇ ಮಾಡುತ್ತಿದ್ದ, ಅದೇ ತಾಯಿಯ ಗೋಳು. "ಬಾಗಿಲ ಮೇಲೆ ಕಣ್ಣಿಟ್ಟಿರೋ" ಎಂದು ಹೇಳಿ ನೀರಿಗೆ ಹೋದರೆ, ಬರುವಷ್ಟರಲ್ಲಿ ಬಾಗಿಲಿಗೆ ಕಣ್ಣೊತ್ತಿಕೊಂಡು ನಿಂತಿರುತ್ತಿದ್ದ. ಹಿತ್ತಲಿನಿಂದ ಕೋಳಿ ಯಾರೋ ಹೊತ್ತೊಯ್ದಿರುತ್ತಿದ್ದರು.

ಅವನ ಅಪ್ಪ ಆ ಕೋಟೆಯ ಕಾವಲುಗಾರ. ಅಪ್ಪ ತೀರಿಕೊಂಡ ಮೇಲೆ ಪುರಾತತ್ವ ಇಲಾಖೆಯಿಂದ ಕಾಗದ ಬಂತು. ಮಗನು ಕೆಲಸಕ್ಕೆ ತಕ್ಕವನಾದರೆ ಕಾವಲೂ ಅವನದು, ಕೋಣೆಯೂ ಅವನದು; ಅಲ್ಲವಾದರೆ ಕೋಣೆ ಖಾಲಿ ಮಾಡತಕ್ಕದ್ದು. ತಕ್ಕವನೋ ಅಲ್ಲವೋ ನೋಡುವುದಕ್ಕೆ ನಾಲ್ಕು ದಿನ ಇಲಾಖೆಯವರ ಕೈಕೆಳಗೆ ಕೆಲಸ. ಸಣ್ಣತಿಮ್ಮಕ್ಕ ಮಗನ ಮುಖ ನೋಡಿದಳು. ಪಾತ್ರೆ ಪಗಡೆ ಗಂಟು ಕಟ್ಟತೊಡಗಿದಳು.

ಆ ಕೋಟೆಯಲ್ಲಿ ರಾಣಿಯೊಬ್ಬಳು ಏಳು ಕೊಪ್ಪರಿಗೆ ಹೊನ್ನು ಹೂತು, ಕಾವಲಿಗೆ ಏಳು ಹೆಡೆಯ ಹಾವನ್ನು ಇರಿಸಿದಳೆಂದು ಊರು ಹೇಳುತ್ತದೆ. ಯಾವ ರಾಣಿ ಎಂದು ಕೇಳಿದರೆ ಊರು ಕೆಮ್ಮುತ್ತದೆ. ಇರಲಿ. ಇಲಾಖೆಯ ಮಂದಾಕಿನಿ ಮೇಡಂ ಹಾವಿಗೂ ರಾಣಿಗೂ ಬಂದವರಲ್ಲ. ಹಳೆಯ ಮೊಳೆ, ಬಾಣದ ಮೊನೆ, ಬೀಗ, ನಾಣ್ಯ ಸಿಕ್ಕಾವೆಂದು ಬಂದವರು. ಜೊತೆಗೊಂದು ಯಂತ್ರ ತಂದಿದ್ದರು. ಉದ್ದನೆಯ ಕೋಲು, ತುದಿಗೊಂದು ತಟ್ಟೆ. ಕೆಳಗೆ ಲೋಹವಿದ್ದರೆ ಅದು 'ಕುಂಯ್' ಎಂದು ಕೂಗುತ್ತಿತ್ತು.

"ನೋಡು ಪಾಲಯ್ಯ, ಇದನ್ನು ಹಿಡಿದು ಕೋಟೆಯೆಲ್ಲ ಸುತ್ತು. ಕೂಗು ಕೇಳಿದ ಕಡೆ ಅಗಿ."

"ಆಗ್ಲಿ ಮೇಡಂ!"

ಪಾಲಯ್ಯ ಹೊರಟ. ಗೋಡೆಯ ಮೇಲೆ ನವಿಲು ಕೂಗಿತು. ಗೋಡೆಯ ಬುಡ ಅಗಿದ. ತಿಪ್ಪೆಯ ಮೇಲೆ ಹುಂಜ ಕೂಗಿತು. ತಿಪ್ಪೆ ಅಗಿದ. ಅಷ್ಟರಲ್ಲಿ ಒಲೆಯ ಮುಂದೆ ಕೂತ ತಾಯಿ ಕೂಗಿದಳು: "ಪಾಲಾ, ಮುದ್ದೆ ಆರ್ತೈತೆ, ಬಾರೋ!"

ಬಂದ. ಗುದ್ದಲಿ ಸಮೇತ ಬಂದ. ತಾಯಿ ಕೂತಿದ್ದ ಮಣೆ ಸರಿಸಿ, ಒಲೆ ಕಿತ್ತು, ಮೊಣಕಾಲುದ್ದ ಅಗಿದ.

"ಅಯ್ಯೋ, ನನ್ನ ಒಲೆ! ಏನಾಗೈತೋ ನಿನಗೆ?"

"ನೀನೇ ಕೂಗಿದೆಯಲ್ಲವ್ವಾ!"

ಸಣ್ಣತಿಮ್ಮಕ್ಕ ಹಣೆ ಹಣೆ ಚಚ್ಚಿಕೊಂಡಳು. ಮೇಡಂ ಓಡಿ ಬಂದು ಗುಂಡಿ ನೋಡಿದರು.

"ಯಂತ್ರ ಕೂಗಿದರೆ ಮಾತ್ರವಯ್ಯಾ! ಅದೂ ಗುದ್ದಲಿಯಿಂದ ಅಲ್ಲ. ಗುದ್ದಲಿ ಮುಟ್ಟಲೇಬೇಡ. ಮೆಲ್ಲಗೆ, ಚೂರುಚೂರಾಗಿ ಅಗಿ."

"ಆಗ್ಲಿ ಮೇಡಂ!"

ಎರಡನೆಯ ದಿನ ಯಂತ್ರವೇ ಕೂಗಿತು. ಪಾಲಯ್ಯ ಗುದ್ದಲಿ ಮುಟ್ಟಲಿಲ್ಲ. ಮಧ್ಯಾಹ್ನ ಮೇಡಂ ಬಂದು ನೋಡಿದರೆ ಮರದ ನೆರಳಿನಲ್ಲಿ ಕೂತಿದ್ದಾನೆ, ಕೆನ್ನೆ ಎರಡೂ ಉಬ್ಬಿವೆ, ಗಡ್ಡದ ಮೇಲೆ ಕೆಮ್ಮಣ್ಣು ಸೋರುತ್ತಿದೆ.

"ಬಾಯಲ್ಲಿ ಏನೋ ಅದು?"

"ಮಣ್ಣು ಮೇಡಂ. ಮೆಲ್ಲಗೆ ಅಗೀತಾ ಇದೀನಿ. ಚೂರುಚೂರೇ."

"ಉಗುಳೋ! ಮೊದಲು ಉಗುಳು!"

ಉಗುಳಿದ. ಮಣ್ಣಿನ ಜೊತೆಗೊಂದು ತುಕ್ಕು ಹಿಡಿದ ಲಾಳದ ಮೊಳೆ ಬಿತ್ತು. ಅಂಥ ಹಳೆಯದೇನಲ್ಲ. ಅವನದೇ ಒಂದು ಹಲ್ಲೂ ಬಿತ್ತು, ಅದೂ ಹಳೆಯದೇನಲ್ಲ.

ಸಣ್ಣತಿಮ್ಮಕ್ಕ ಹಣೆ ಹಣೆ ಚಚ್ಚಿಕೊಂಡಳು. ಮೇಡಂ ತಾವೇ ಕೂತು ಸಮಾಧಾನದಿಂದ ಹೇಳಿದರು: "ನೆಲದಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕಬೇಡ. ನೀನು ಅಗಿಯುವುದೇ ಬೇಡ. ಯಂತ್ರ ಕೂಗಿದರೆ ಅಲ್ಲೊಂದು ಬಾವುಟ ಸಿಕ್ಕಿಸು, ಸುತ್ತ ಹಗ್ಗ ಕಟ್ಟು, ನಾನು ಬರುವ ತನಕ ಅಲ್ಲಿ ಏನೂ ಅಲುಗಾಡಲು ಬಿಡಬೇಡ."

"ಆಗ್ಲಿ ಮೇಡಂ!"

ಮೂರನೆಯ ದಿನ ಊರಿನ ಚನ್ನವೀರಗೌಡರು ಕೋಟೆಯ ಕಟ್ಟೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು. ಏಳು ಹೆಡೆಯ ಹಾವನ್ನು ಕಣ್ಣಾರೆ ಕಂಡವರು ಇವರೊಬ್ಬರೇ. ಕಂಡ ಹೊತ್ತಿನಲ್ಲಿ ಜೊತೆಗೆ ಯಾರೂ ಇರಲಿಲ್ಲ. ಗೌಡರ ಸೊಂಟಕ್ಕೆ ಹೆಬ್ಬೆರಳು ಗಾತ್ರದ ಬೆಳ್ಳಿಯ ಉಡಿದಾರ. ಪಾಲಯ್ಯ ಯಂತ್ರ ಆಡಿಸುತ್ತ ಬಂದ. ಕುಂಯ್!

ಉಡಿದಾರದಲ್ಲಿ ಬಾವುಟ ಸಿಕ್ಕಿಸಿದ. ಕಟ್ಟೆಗೂ ಗೌಡರಿಗೂ ಸೇರಿಸಿ ಎಂಟು ಸುತ್ತು ಹಗ್ಗ ಬಿಗಿದ. ಗೌಡರು ಎದ್ದರು, ಏಳಲಾಗಲಿಲ್ಲ.

"ಲೇ! ಬಿಚ್ಚೋ! ಕೊಪ್ಪರಿಗೆ ನನ್ನ ಹೊಟ್ಟ್ಯಾಗೈತೇನೋ?"

"ಅಲುಗಾಡಬೇಡಿ ಗೌಡ್ರೇ, ಮೇಡಂ ಬಂದು ಅಗಿಸ್ತಾರೆ!"

ಗೌಡರ ಕಿರುಚಾಟಕ್ಕೆ ಊರೇ ಬಂತು. ಮೇಡಂ ಹಗ್ಗ ಬಿಚ್ಚಿ ಕೈ ಮುಗಿದರು: "ತಪ್ಪಾಯಿತು ಗೌಡರೇ. ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ." ಗೌಡರು ಗೊಣಗುತ್ತ ಬಾವುಟ ಕಿತ್ತೆಸೆದು ಹೋದರು.

ಸಣ್ಣತಿಮ್ಮಕ್ಕನಿಗೆ ಚಚ್ಚಿಕೊಳ್ಳಲು ಹಣೆಯಲ್ಲಿ ಜಾಗ ಉಳಿದಿರಲಿಲ್ಲ. ಮಗನನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿದಳು.

"ಪಾಲಾ, ನಾಳೆ ಕೊನೇ ದಿನ. ದೊಡ್ಡ ಸಾಹೇಬ್ರು ಬರ್ತಾರೆ. ಅವರ ಕೈಲಿ ಐತೆ ನಮ್ಮ ಸೂರು. ಎದುರಾಡಬೇಡ ನನ್ನಪ್ಪ. ಅವರು ಏನು ಕೊಟ್ರೂ, ಬೈಗುಳ ಕೊಟ್ರೂ, ಕಣ್ಣು ಮುಚ್ಚಿ ಹೊಟ್ಟೆಗೆ ಹಾಕ್ಕೊಂಡ್ ಬಿಡು."

"ಆಗ್ಲವ್ವಾ!"

ನಾಲ್ಕನೆಯ ದಿನ ಸಾಹೇಬರು ಬಂದರು. ಯಂತ್ರ ಕೂಗಿತು. ಮೇಡಂ ಕುಂಚದಿಂದ ಮಣ್ಣು ಸರಿಸಿದರು. ಉದ್ದಿನ ಕಾಳಿಗಿಂತ ತುಸು ದೊಡ್ಡದಾದ ಒಂದು ಚಿನ್ನದ ನಾಣ್ಯ! ಕೊಪ್ಪರಿಗೆಯಿಲ್ಲ, ಹಾವಿಲ್ಲ, ನಾಣ್ಯ ಮಾತ್ರ ನಿಜ. ಸಾಹೇಬರು ಅಂಗೈಯಲ್ಲಿಟ್ಟುಕೊಂಡು ಕಣ್ಣು ಕಿರಿದು ಮಾಡಿದರು.

"ಅಕ್ಷರ ಇರೋ ಹಾಗಿದೆ. ಕನ್ನಡಕ ಹಾಕ್ಕೊಳ್ತೀನಿ. ತಗೋಪ್ಪ, ಹಿಡಿ."

ಪಾಲಯ್ಯ ಯೋಚಿಸಿದ. ನೆಲದಲ್ಲಿ ಸಿಕ್ಕಿದ್ದು ಬಾಯಿಗೆ ಬೇಡ ಎಂದಿದ್ದರು ಮೇಡಂ. ಆದರೆ ಇದನ್ನು ಕೊಟ್ಟದ್ದು ನೆಲವಲ್ಲ, ಸಾಹೇಬರು. ಕಣ್ಣು ಮುಚ್ಚಿದ. ಗುಳುಂ!

"ಎಲ್ಲಯ್ಯಾ ನಾಣ್ಯ?"

"ಹೊಟ್ಟೆಗೆ ಹಾಕ್ಕೊಂಡೆ ಸಾಹೇಬ್ರೇ."

ಮೇಡಂ ಯಂತ್ರವನ್ನು ಅವನ ಹೊಟ್ಟೆಗೆ ಹಿಡಿದರು. ಕುಂಯ್! ಸಾಹೇಬರು ಕಲ್ಲಿನ ಮೇಲೆ ಕೂತರು. ಎಷ್ಟಾದರೂ ಅನುಭವಸ್ಥರು, ಕಾಗದ ತೆಗೆದು ಅಲ್ಲೇ ಆದೇಶ ಬರೆದರು: 'ಸರ್ಕಾರದ ಸ್ವತ್ತು ಕೋಟೆ ಬಿಟ್ಟು ಕದಲುವಂತಿಲ್ಲ. ಸದರಿ ಸ್ವತ್ತು ನಮ್ಮ ಕೈಸೇರುವ ತನಕ ಪಾಲಯ್ಯನೂ ಅವನ ತಾಯಿಯೂ ಇದೇ ಕೋಣೆಯಲ್ಲಿ ವಾಸವಿರತಕ್ಕದ್ದು.' ಬರೆದು ಪಾಲಯ್ಯನಿಗೆ ಗದರಿದರು: "ನಾನು ಹೇಳುವ ತನಕ ನೀನು ಹೊರಗಡೆ ಹೋಗಕೂಡದು!"

"ಆಗ್ಲಿ ಸಾಹೇಬ್ರೇ!"

ಆ ಸೀಮೆಯಲ್ಲಿ ಬೆಳಗಾಗೆದ್ದು ತಂಬಿಗೆ ಹಿಡಿದು ಹೋಗುವುದಕ್ಕೂ 'ಹೊರಗಡೆ ಹೋಗುವುದು' ಎಂದೇ ಹೆಸರು. ಪಾಲಯ್ಯ ಹೋಗಲಿಲ್ಲ. ಒಂದು ದಿನ ಹೋಗಲಿಲ್ಲ. ಎರಡು ದಿನ ಹೋಗಲಿಲ್ಲ. ಬಾಳೆಹಣ್ಣು ಕೊಟ್ಟರು, ತಿಂದ, ಹೋಗಲಿಲ್ಲ. ಹರಳೆಣ್ಣೆ ಕೊಟ್ಟರು, ಕುಡಿದ, ಹಲ್ಲು ಕಚ್ಚಿ ಕಂಬ ತಬ್ಬಿಕೊಂಡ, ಹೋಗಲಿಲ್ಲ.

"ಹೋಗಿ ಬಾರೋ, ಸತ್ತುಗಿತ್ತು ಹೋದೀಯ!" ಎಂದು ತಾಯಿ ಅತ್ತಳು.

"ಸಾಹೇಬ್ರು ಬ್ಯಾಡ ಅಂದವ್ರೆ ಕಣವ್ವಾ!"

ಮೂರನೆಯ ದಿನ ಸಾಹೇಬರೇ ಓಡಿ ಬಂದರು. "ಹೋಗು ಮಾರಾಯ! ನಾನೇ ಹೇಳ್ತಿದೀನಿ, ಹೊರಗಡೆ ಹೋಗು!"

"ಎಷ್ಟು ದೂರ ಹೋಗ್ಲಿ ಸಾಹೇಬ್ರೇ?"

"ನನ್ನ ಕಣ್ಣಿಗೆ ಕಾಣದಷ್ಟು ದೂರ ಹೋಗು!"

"ಆಗ್ಲಿ ಸಾಹೇಬ್ರೇ!"

ತಂಬಿಗೆ ಹಿಡಿದು ಪಾಲಯ್ಯ ಬಾಣದಂತೆ ಹೊರಟ. ನಾಣ್ಯ ತಪ್ಪಿಸಿಕೊಂಡೀತೆಂದು ಸಾಹೇಬರು ಹಿಂದೆಯೇ ಹೊರಟರು. ಪಾಲಯ್ಯ ಒಂದು ಪೊದೆಯ ಮರೆಗೆ ಹೋಗಿ ತಿರುಗಿ ನೋಡಿದ: ಸಾಹೇಬರಿಗೆ ಕಾಣುತ್ತಿದ್ದೇನೆ! ಇನ್ನಷ್ಟು ದೂರ ಹೋದ. ತಿರುಗಿ ನೋಡಿದ: ಇನ್ನೂ ಕಾಣುತ್ತಿದ್ದೇನೆ! ಓಡಿದ. ಸಾಹೇಬರೂ ಓಡಿದರು.

ಕೋಟೆಯ ಬಾಗಿಲಲ್ಲಿ ಸಣ್ಣತಿಮ್ಮಕ್ಕ ಮೆಲ್ಲಗೆ ಕೇಳಿದಳು: "ಮೇಡಮ್ಮಾರೇ, ಅದು ಕೈಸೇರೋ ತನಕ ಈ ಕೋಣೆ ನಮ್ಮದೇ ಅಲ್ವಾ?"

"ಆದೇಶ ಹಾಗೆಯೇ ಇದೆಯಮ್ಮ."

ಸಣ್ಣತಿಮ್ಮಕ್ಕ ಒಳಗೆ ಹೋಗಿ ಪಾತ್ರೆಯ ಗಂಟು ಬಿಚ್ಚಿ, ಅಕ್ಕಿ ತೊಳೆಯಲು ಕೂತಳು.

ಅತ್ತ ಹುಲಿಬಂಡೆ ದಾಟಿತು, ಕೆರೆ ದಾಟಿತು, ಪಕ್ಕದ ಊರೂ ದಾಟಿತು. ಮುಂದೆ ತಂಬಿಗೆ, ಹಿಂದೆ ಕನ್ನಡಕ. ಸಾಹೇಬರು ನಿಲ್ಲುವಂತಿಲ್ಲ, ಪಾಲಯ್ಯ ಕೂರುವಂತಿಲ್ಲ.